ಬಾತುಕೋಳಿ ಮರಿ ಚಿಪ್ಪಿನಿಂದ ಹೊರಬರಲು ನೆರವು ಹಾಗೂ ಆನಂತರದ ಪಾಲನೆ

ಕೋಳಿ ಮೊಟ್ಟೆ 21 ದಿನಗಳಲ್ಲಿ ಮರಿಯಾದರೆ ಬಾತುಕೋಳಿ ಮೊಟ್ಟೆಗೆ 28 ದಿನಗಳ ಕಾವು ಬೇಕು. ಮಸ್ಕೋವಿ ತಳಿಗೆ ಸುಮಾರು 35 ದಿನಗಳು ಹಿಡಿಯುತ್ತವೆ. ಹೆಚ್ಚು ಮೊಟ್ಟೆಯಿಡುವ ಖಾಕಿ ಕ್ಯಾಂಪ್‌ಬೆಲ್ ತಳಿಯ ಹೆಣ್ಣುಗಳು ತಾವಾಗಿ ಕಾವಿಗೆ ಕೂರುವುದು ಅಪರೂಪವಾದ್ದರಿಂದ ನಮ್ಮ ರೈತರು ಕಾವಿಗೆ ಬಂದ ನಾಟಿ ಕೋಳಿಯನ್ನೋ ಕಾವುಪೆಟ್ಟಿಗೆಯನ್ನೋ ಅವಲಂಬಿಸುತ್ತಾರೆ. ನಾಟಿ ಕೋಳಿಯ ಕೆಳಗೆ ಎರಡೂ ಬಗೆಯ ಮೊಟ್ಟೆಗಳನ್ನು ಒಂದೇ ದಿನ ಬೆರೆಸಿ ಇಡಬಾರದು. ಕೋಳಿಮರಿಗಳು ಹೊರಬಂದೊಡನೆ ತಾಯಿ ಅವುಗಳೊಂದಿಗೆ ಗೂಡು ಬಿಟ್ಟು ಹೊರಡುತ್ತದೆ. ಬಾತುಮೊಟ್ಟೆಗಳು ಕೊನೆಯ ವಾರದಲ್ಲಿ ತಣ್ಣಗಾಗುತ್ತವೆ.

ಕಾವುಪೆಟ್ಟಿಗೆಯಲ್ಲಿ ಫ್ಯಾನ್ ಇದ್ದರೆ 37.5 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವನ್ನು ಕಾಯ್ದುಕೊಳ್ಳಬೇಕು. 25ನೆಯ ದಿನ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ, ನೀರಿನ ತಟ್ಟೆಗಳನ್ನು ಹೆಚ್ಚಿಸಿ ತೇವಾಂಶವನ್ನು ಶೇ. 70ಕ್ಕಿಂತ ಮೇಲೆ ಒಯ್ಯಬೇಕು. ಅಲ್ಲಿಂದ ಮುಂದೆ ಮುಚ್ಚಳವನ್ನು ಪದೇ ಪದೇ ತೆರೆಯುವುದೇ ಬಹುಪಾಲು ತೊಂದರೆಗಳ ಮೂಲ. ತೆರೆದಾಗಲೆಲ್ಲ ತೇವ ಹೊರಹೋಗಿ ಚಿಪ್ಪಿನೊಳಗಿನ ಪೊರೆ ಒಣಗಿ ಮರಿಯ ಮೈಗೆ ಬಿಗಿದುಕೊಳ್ಳುತ್ತದೆ.

ಯಾವಾಗ ಕಾಯಬೇಕು, ಯಾವಾಗ ಕೈ ಹಾಕಬೇಕು?

ಮರಿ ಮೊದಲು ಒಳಪೊರೆಯನ್ನು ಚುಚ್ಚಿ ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಕೋಶದಲ್ಲಿ ಉಸಿರಾಡಲು ತೊಡಗುತ್ತದೆ. ಬಳಿಕ ಚಿಪ್ಪಿಗೆ ಸಣ್ಣ ಬಿರುಕು ಮಾಡುತ್ತದೆ. ಬಿರುಕು ಕಂಡ ಮೇಲೆ ಪೂರ್ತಿ ಹೊರಬರಲು 24ರಿಂದ 48 ಗಂಟೆ ಹಿಡಿಯುವುದು ಸಹಜ. ಹೊರನೋಟಕ್ಕೆ ಮರಿ ಸುಮ್ಮನಿರುವಂತೆ ಕಂಡರೂ ಆ ಅವಧಿಯಲ್ಲಿ ಒಳಗೆ ಎರಡು ಮುಖ್ಯ ಕೆಲಸಗಳು ನಡೆಯುತ್ತಿರುತ್ತವೆ: ಪೊರೆಯ ರಕ್ತನಾಳಗಳಲ್ಲಿನ ರಕ್ತ ಮರಿಯ ಮೈಗೆ ಮರಳುತ್ತದೆ, ಉಳಿದ ಹಳದಿ ಭಾಗ ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಸೇರುತ್ತದೆ. ಇದು ಮುಗಿಯುವ ಮುನ್ನ ಚಿಪ್ಪು ಬಿಡಿಸಿದರೆ ಮರಿ ರಕ್ತ ಸೋರಿ ಸಾಯುತ್ತದೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಕರುಣೆಯಿಂದಲೇ ಅವಸರಪಟ್ಟು ನಾನೂ ಒಂದು ಮರಿಯನ್ನು ಹೀಗೆ ಕಳೆದುಕೊಂಡಿದ್ದೇನೆ.

ಆದ್ದರಿಂದ ಮೂರು ಸಂದರ್ಭಗಳಲ್ಲಿ ಮಾತ್ರ ನೆರವು ಯೋಗ್ಯ: ಬಿರುಕು ಬಿಟ್ಟು 48 ಗಂಟೆ ಕಳೆದರೂ ಪ್ರಗತಿ ಇಲ್ಲದಿದ್ದಾಗ, ಪೊರೆ ಕಂದು ಬಣ್ಣಕ್ಕೆ ತಿರುಗಿ ತೊಗಲಿನಂತೆ ಗಟ್ಟಿಯಾದಾಗ, ಮರಿ ಮೊಟ್ಟೆಯ ಚೂಪು ತುದಿಯಲ್ಲಿ ಬಿರುಕು ಮಾಡಿ ಬಳಲಿದಾಗ.

ಕೈಗಳನ್ನು ಸಾಬೂನಿನಿಂದ ತೊಳೆದುಕೊಂಡು, ಬಿರುಕಿನ ಸುತ್ತಲಿನ ಚಿಪ್ಪನ್ನು ಉಗುರಿನಿಂದ ಅಕ್ಕಿಕಾಳಿನಷ್ಟೇ ಚೂರುಗಳಾಗಿ ತೆಗೆಯಿರಿ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಪೊರೆಯನ್ನು ಒದ್ದೆ ಮಾಡಿರಿ. ಮರಿಯ ಮೂಗಿಗೆ ನೀರು ತಾಗಬಾರದು. ಒದ್ದೆಯಾದ ಪೊರೆ ಪಾರದರ್ಶಕವಾಗಿ, ರಕ್ತನಾಳಗಳಿದ್ದರೆ ಕೆಂಪು ಗೆರೆಗಳಾಗಿ ಕಾಣುತ್ತವೆ. ಕೆಂಪು ಗೆರೆ ಕಂಡರೆ ಅಥವಾ ಒಂದು ಹನಿ ರಕ್ತ ಬಂದರೂ ಅಲ್ಲಿಗೇ ನಿಲ್ಲಿಸಿ, ಹತ್ತಿಯಿಂದ ಮೃದುವಾಗಿ ಒತ್ತಿ ಹಿಡಿದು, ಮೊಟ್ಟೆಯನ್ನು ಕಾವಿಗೆ ಮರಳಿಸಿ ಕೆಲವು ಗಂಟೆ ಕಾಯಿರಿ. ಗೆರೆಗಳಿಲ್ಲದಿದ್ದರೆ ಕೊಕ್ಕು ಮತ್ತು ತಲೆಯನ್ನು ಬಿಡಿಸಿದರೆ ಸಾಕು. ಮೈಯ ಕೆಳಭಾಗವನ್ನು ಮರಿಯೇ ಒದೆದುಕೊಂಡು ಬಿಡಿಸಿಕೊಳ್ಳಲಿ, ಎಳೆಯಬೇಡಿರಿ. ಹಳದಿ ಭಾಗ ಹೊಟ್ಟೆಯ ಹೊರಗೆ ಉಳಿದಿದ್ದರೆ ಅದನ್ನು ಒಳಗೆ ತಳ್ಳುವುದೂ ಕತ್ತರಿಸುವುದೂ ಕೂಡದು. ಒದ್ದೆಯಾದ ಶುಭ್ರ ಬಟ್ಟೆಯ ಮೇಲೆ ಮರಿಯನ್ನು ಕಾವುಪೆಟ್ಟಿಗೆಯಲ್ಲೇ ಬಿಡಬೇಕು. ಹೊಕ್ಕುಳಿಗೆ ಪೊವಿಡೋನ್ ಅಯೋಡಿನ್ ಸವರಿರಿ.

ಮರಿಯ ಪಾಲನೆ

ಮೈ ಒಣಗಿ ಉಬ್ಬಿದ ಮೇಲೆ ಮರಿಯನ್ನು ಬೆಚ್ಚಗಿನ ಗೂಡಿಗೆ ಬಿಡಬಹುದು. ಮೊದಲ ವಾರ ಸುಮಾರು 32 ಡಿಗ್ರಿ, ನಂತರ ವಾರಕ್ಕೆ 3 ಡಿಗ್ರಿಯಂತೆ ಇಳಿಸಬೇಕು. ಥರ್ಮಾಮೀಟರ್ ಇಲ್ಲದವರು ಮರಿಗಳನ್ನೇ ಗಮನಿಸಲಿ: ಬಲ್ಬಿನ ಕೆಳಗೆ ಒತ್ತೊತ್ತಾಗಿ ಸೇರಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ. ರಾತ್ರಿ ಕರೆಂಟು ಹೋದಾಗ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಇಡಬಹುದು. ನೆಲಕ್ಕೆ ಬರಿಯ ದಿನಪತ್ರಿಕೆ ಹಾಸಬಾರದು. ಕಾಲು ಜಾರಿ ಇಬ್ಬದಿಗೆ ಹರಡಿಕೊಂಡರೆ ಸರಿಪಡಿಸುವುದು ಕಷ್ಟ. ಒರಟಾದ ಗೋಣಿಚೀಲ ಉತ್ತಮ.

ನೀರಿನ ಪಾತ್ರೆ ಕೊಕ್ಕು ಮೂಗಿನವರೆಗೆ ಮುಳುಗುವಷ್ಟು ಆಳವಿರಲಿ, ಮರಿ ಒಳಗಿಳಿಯುವಷ್ಟು ಅಗಲವಿರಬಾರದು. ತಾಯಿಯಿಲ್ಲದೆ ಬೆಳೆಯುವ ಮರಿಯ ನಯಗೂದಲು ಬೇಗ ನೆನೆಯುವುದರಿಂದ ಗರಿ ಬರುವವರೆಗೆ ಈಜಲು ಬಿಡಬೇಡಿರಿ. ಕೆರೆ ಕಂಡರೆ ಅದು ತಾನಾಗಿ ಓಡುತ್ತದೆ ಎಂಬುದು ನಿಜ, ಆದರೆ ನೆನೆದು ಚಳಿಯಾಗಿ ಸಾಯುವುದೂ ಅಷ್ಟೇ ನಿಜ.

ಆಹಾರದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಬಾತುಮರಿಗೆ ಕೋಳಿಮರಿಗಿಂತ ಹೆಚ್ಚು ನಯಾಸಿನ್ ಜೀವಸತ್ವ ಬೇಕು. ಕೋಳಿಮರಿಯ ಆಹಾರವನ್ನಷ್ಟೇ ಕೊಟ್ಟರೆ ಕಾಲುಗಳು ಬಾಗಬಹುದು. ಅದರೊಂದಿಗೆ ಬ್ರೂವರ್ಸ್ ಯೀಸ್ಟ್ ಬೆರೆಸುವುದು ಸುಲಭದ ಉಪಾಯ. ಎರಡನೆಯದು ಇನ್ನೂ ಗಂಭೀರ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಮತ್ತು ಮುಸುಕಿನ ಜೋಳದಲ್ಲಿರುವ ಅಫ್ಲಾಟಾಕ್ಸಿನ್ ವಿಷವನ್ನು ಬಾತುಮರಿಗಳು ಕೋಳಿಗಳಷ್ಟೂ ತಾಳಲಾರವು. ಮಳೆಗಾಲದಲ್ಲಿ ಉಳಿದ ಹಿಂಡಿಯನ್ನು "ಸ್ವಲ್ಪ ವಾಸನೆ ಅಷ್ಟೇ" ಎಂದು ಹಾಕಿದ ಮನೆಗಳಲ್ಲಿ ಇಡೀ ಗುಂಪೇ ಹೋಗಬಹುದು. ಆಹಾರವನ್ನು ನೀರಿನಲ್ಲಿ ಕಲಸಿ ಕೊಡುವುದರಿಂದ ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲ. ಆದರೆ ಕಲಸಿದ್ದು ಹುಳಿಯುವ ಮುನ್ನ ಉಳಿಕೆಯನ್ನು ತೆಗೆದುಬಿಡಬೇಕು.

ಒಂದು ತಂಡದಲ್ಲಿ ಒಂದೆರಡು ಮೊಟ್ಟೆಗಳಿಗೆ ನೆರವು ಬೇಕಾಗುವುದು ಅಸಹಜವಲ್ಲ. ಹಲವು ಮೊಟ್ಟೆಗಳಿಗೆ ಬೇಕಾದರೆ ಮರಿಗಳನ್ನು ಬಿಡಿಸುತ್ತ ಕೂರುವ ಬದಲು ಕಾವುಪೆಟ್ಟಿಗೆಯ ಥರ್ಮಾಮೀಟರ್, ತೇವಾಂಶ, ಮೊಟ್ಟೆ ತಿರುಗಿಸಿದ ಕ್ರಮ ಮತ್ತು ತಾಯಿ ಹಕ್ಕಿಗಳ ಆಹಾರ ಇವನ್ನು ಮುಂದಿನ ತಂಡ ಇಡುವ ಮೊದಲು ಪರಿಶೀಲಿಸಿರಿ.