ಬುಡಾಪೆಸ್ಟ್

ಹಂಗೇರಿಯ ರಾಜಧಾನಿ, ಡ್ಯಾನ್ಯೂಬ್ ನದಿಯ ಎರಡೂ ದಡಗಳಲ್ಲಿ ಹರಡಿರುವ ಪ್ರವಾಸಿ ನಗರ. ಪಶ್ಚಿಮದ ಗುಡ್ಡಗಳ ಬುಡಾ ಮತ್ತು ಓಬುಡಾ, ಪೂರ್ವದ ಬಯಲಿನ ಪೆಸ್ಟ್ 1873ರಲ್ಲಿ ಒಂದಾದವು. ಅದಕ್ಕೂ ಮೊದಲೇ, 1849ರಲ್ಲಿ, ಸೇಚೆನಿ ಸರಪಳಿ ಸೇತುವೆ ದಡಗಳನ್ನು ಬೆಸೆದಿತ್ತು. 1945ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಅದನ್ನು ಸ್ಫೋಟಿಸಿತು. ಈಗಿನದು 1949ರಲ್ಲಿ ಮತ್ತೆ ಕಟ್ಟಿದ್ದು. ನದೀತೀರ ಮತ್ತು ಬುಡಾ ಕೋಟೆ ಪ್ರದೇಶ 1987ರಿಂದ ವಿಶ್ವ ಪರಂಪರೆಯ ತಾಣ.

ಊರಿನ ನಿಜವಾದ ಸಂಪತ್ತು ನೆಲದಡಿಯ ಬಿಸಿನೀರು. ಗುಡ್ಡಗಳ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿದ ಮಳೆನೀರು ಆಳದಲ್ಲಿ ಕಾದು ಬುಗ್ಗೆಗಳಾಗಿ ಮೇಲೇಳುತ್ತದೆ. 16ನೆಯ ಶತಮಾನದಲ್ಲಿ ತುರ್ಕರು ಕಟ್ಟಿಸಿದ ರುದಾಶ್ ಸ್ನಾನಗೃಹದ ಗುಮ್ಮಟದಡಿಯ ಎಂಟು ಮೂಲೆಯ ಕೊಳ ಇಂದಿಗೂ ಬಳಕೆಯಲ್ಲಿದೆ. 1913ರಲ್ಲಿ ತೆರೆದ ಸೇಚೆನಿ ಸ್ನಾನಗೃಹದ ಹೊರಾಂಗಣದ ಕೊಳಗಳಲ್ಲಿ ಚಳಿಗಾಲದಲ್ಲೂ ಜನ ನೀರಲ್ಲೇ ನಿಂತು ಚದುರಂಗ ಆಡುತ್ತಾರೆ.

ನದಿಯ ನೋಟಕ್ಕೆ ದುಬಾರಿ ದೋಣಿವಿಹಾರವೇ ಬೇಕೆಂದಿಲ್ಲ. ಪೆಸ್ಟ್ ದಡದ 2ನೇ ನಂಬರ್ ಟ್ರಾಮ್ ಸಾಕು. 96 ಮೀಟರ್ ಎತ್ತರದ ಸಂಸತ್ ಭವನದ ಸಮೀಪ, ದಡದಂಚಿನಲ್ಲಿ, 60 ಜೊತೆ ಕಬ್ಬಿಣದ ಪಾದರಕ್ಷೆಗಳಿವೆ: 1944-45ರಲ್ಲಿ ಫ್ಯಾಸಿಸ್ಟರು ಗುಂಡಿಟ್ಟು ನದಿಗೆ ಕೆಡವಿದ ಯಹೂದಿಗಳ ಸ್ಮಾರಕ. ಭಾರತಕ್ಕೂ ಈ ಊರಿಗೂ ಒಂದು ನಂಟಿದೆ: ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ 1913ರಲ್ಲಿ ಹುಟ್ಟಿದ್ದು ಇದೇ ನಗರದಲ್ಲಿ.