1907ರಲ್ಲಿ ಹುಟ್ಟಿದ ಇಬ್ಬರು, 1907ರಲ್ಲಿ ಅಳಿಸಿಹೋದ ನಾಡು

1975ರಲ್ಲಿ ಹಾಲಿವುಡ್ಡಿನಿಂದ 'ರೂಸ್ಟರ್ ಕಾಗ್‌ಬರ್ನ್' ಎಂಬ ಪಿಚ್ಚರ್ ಬಂತು. 1969ರ 'ಟ್ರೂ ಗ್ರಿಟ್' ಚಿತ್ರದ ಮುಂದಿನ ಭಾಗ ಅದು. ಕುದುರೆ, ಕೋವಿ, ಅಗಲ ಟೋಪಿಯ ಈ ಬಗೆಯ ಚಿತ್ರಗಳನ್ನು ಅಲ್ಲಿಯವರು 'ವೆಸ್ಟರ್ನ್' ಅನ್ನುತ್ತಾರೆ, ನಮ್ಮಲ್ಲಿ ಕೌಬಾಯ್ ಪಿಚ್ಚರ್. ಇದರಲ್ಲಿ ಜಾನ್ ವೇಯ್ನ್ ಮತ್ತು ಕ್ಯಾಥರೀನ್ ಹೆಪ್‌ಬರ್ನ್ ಜೊತೆಯಾಗಿ ನಟಿಸಿದರು. ಅವರಿಬ್ಬರೂ ಒಟ್ಟಿಗೆ ಬಂದದ್ದು ಇದೊಂದೇ ಚಿತ್ರದಲ್ಲಿ. ಇಬ್ಬರೂ ಹುಟ್ಟಿದ್ದು 1907ರ ಮೇ ತಿಂಗಳಲ್ಲಿ. ಆಕೆ 12ಕ್ಕೆ, ಆತ 26ಕ್ಕೆ. ಚಿತ್ರ ತೆರೆಗೆ ಬಂದಾಗ ಇಬ್ಬರಿಗೂ 68 ವರ್ಷ.

ವೇಯ್ನ್ 1964ರಲ್ಲೇ ಕ್ಯಾನ್ಸರಿಗೆ ಒಂದು ಶ್ವಾಸಕೋಶ ಕಳೆದುಕೊಂಡಿದ್ದ. ಹೆಪ್‌ಬರ್ನ್‌ಗೆ ಸೊಂಟದ ಆಪರೇಷನ್ ಆಗಿತ್ತು. ಆದರೂ ಇಬ್ಬರೂ ಕುದುರೆ ಹತ್ತಿದರು, ತೆಪ್ಪ ಏರಿದರು. ಮುದುಕರಾದರೂ ಸೋಲದವರು ಎಂಬ ಆಕರ್ಷಣೆಯ ಮೇಲೇ ಈ ಚಿತ್ರ ನಿಂತಿದೆ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮುಪ್ಪಿನಲ್ಲೂ ದುಡಿಯುವ ಜೀವಗಳು ನಮಗೆ ಹೊಸವಲ್ಲ. ನಮ್ಮ ಪ್ರಶ್ನೆ ಬೇರೆ. ಈ ಇಬ್ಬರು ಮುದುಕರು ಕುದುರೆ ಓಡಿಸಿದ್ದು ಯಾರ ನೆಲದ ಮೇಲೆ?

ಕತೆ ಸರಳ. ಒಕ್ಕಣ್ಣಿನ ಕುಡುಕ ಮಾರ್ಷಲ್ ರೂಸ್ಟರ್. ಹಿಡಿದು ತರಬೇಕಾದವರನ್ನು ಗುಂಡಿಟ್ಟು ಕೊಲ್ಲುವುದೇ ಜಾಸ್ತಿಯಾಯಿತೆಂದು ಜಡ್ಜ್ ಪಾರ್ಕರ್ ಅವನ ಬಿಲ್ಲೆ ಕಿತ್ತುಕೊಳ್ಳುತ್ತಾನೆ. ಅಷ್ಟರಲ್ಲಿ ಒಂದು ದರೋಡೆಕೋರರ ಗುಂಪು ನೈಟ್ರೋಗ್ಲಿಸರಿನ್ ಎಂಬ ಸ್ಫೋಟಕದ ಬಂಡಿ ಕದಿಯುತ್ತದೆ. ಇಂಡಿಯನ್ ಟೆರಿಟರಿಯ ಒಂದು ಮಿಷನ್ನಿಗೆ ನುಗ್ಗಿ ಪಾದ್ರಿಯನ್ನೂ ಮೂಲನಿವಾಸಿಗಳನ್ನೂ ಕೊಲ್ಲುತ್ತದೆ. ಪಾದ್ರಿಯ ಮಗಳು ಯೂಲಾ ಗುಡ್‌ನೈಟ್, ಅಂದರೆ ಹೆಪ್‌ಬರ್ನ್, ರೂಸ್ಟರನ ಜೊತೆ ಹೊರಡುತ್ತಾಳೆ. ವುಲ್ಫ್ ಎಂಬ ಮೂಲನಿವಾಸಿ ಹುಡುಗನೂ ಹಿಂಬಾಲಿಸುತ್ತಾನೆ. ಇವನಿಗೆ ವಿಸ್ಕಿ, ಅವಳಿಗೆ ಬೈಬಲ್. ದಾರಿಯುದ್ದಕ್ಕೂ ಜಗಳ, ಜಗಳದೊಳಗೇ ಮಮತೆ. ನದಿ, ತೆಪ್ಪ, ಸ್ಫೋಟ. 1951ರ 'ದಿ ಆಫ್ರಿಕನ್ ಕ್ವೀನ್'ನಲ್ಲೂ ಹೆಪ್‌ಬರ್ನ್‌ದು ಇಂಥದೇ ಪಾತ್ರ: ಮಿಷನ್ನಿನ ಹೆಂಗಸು, ಕುಡುಕ ಗಂಡಸು, ನದಿ, ಸ್ಫೋಟಕ. ಅಲ್ಲಿ ಆಫ್ರಿಕಾ, ಇಲ್ಲಿ ಇಂಡಿಯನ್ ಟೆರಿಟರಿ. ಎರಡೂ ಕಡೆ ನೆಲದ ಒಡೆಯರು ಕತೆಯ ಅಂಚಿನಲ್ಲೇ ಸಾಯುತ್ತಾರೆ.

ತೆರೆಯ ಹೊರಗೆ ಇವರಿಬ್ಬರೂ ಎದುರುಬದುರು ದಡದವರು. ಕಮ್ಯುನಿಸ್ಟರನ್ನು ಹಾಲಿವುಡ್ಡಿನಿಂದ ಓಡಿಸಬೇಕೆಂದು ಹೊರಟ ಸಂಘಕ್ಕೆ ವೇಯ್ನ್ 1949ರಿಂದ ಅಧ್ಯಕ್ಷ. ವಿಯೆಟ್ನಾಂ ಯುದ್ಧ ಬೆಂಬಲಿಸಿ 1968ರಲ್ಲಿ 'ದಿ ಗ್ರೀನ್ ಬೆರೆಟ್ಸ್' ತೆಗೆದವನು. ಹೆಪ್‌ಬರ್ನ್ ಆ ಕಮ್ಯುನಿಸ್ಟ್ ಬೇಟೆಯ ವಿರುದ್ಧ 1947ರಲ್ಲಿ ಬಹಿರಂಗ ಸಭೆಯಲ್ಲಿ ಮಾತಾಡಿದವಳು. ಅವಳ ತಾಯಿ ಹೆಂಗಸರ ಮತದ ಹಕ್ಕಿಗೆ ಹೋರಾಡಿದಾಕೆ. ಇಂಥ ಇಬ್ಬರನ್ನು ಚಿತ್ರ ರಾಜಿ ಮಾಡಿಸಿತು. ನಾವು ಗಮನಿಸಬೇಕಾದ್ದು ಇದು: ಇಬ್ಬರು ಬಿಳಿಯರು ರಾಜಿಯಾಗುವುದಕ್ಕೆ ಮೂರನೆಯವರ ಅಂಗಳ ಬೇಕಾಯಿತು. ಆ ಮೂರನೆಯವರ ಬಗ್ಗೆ ವೇಯ್ನ್ ಏನೆಂದುಕೊಂಡಿದ್ದ ಅನ್ನುವುದೂ ಗುಟ್ಟಲ್ಲ. ಅವರ ನೆಲ ಕಿತ್ತುಕೊಂಡದ್ದು ತಪ್ಪಲ್ಲ, ಅವರೇ ಸ್ವಾರ್ಥದಿಂದ ಅದನ್ನು ತಮಗೇ ಇಟ್ಟುಕೊಳ್ಳಲು ನೋಡಿದರು ಎಂಬರ್ಥದ ಮಾತನ್ನು ಅವನು 1971ರ ಒಂದು ಸಂದರ್ಶನದಲ್ಲಿ ಆಡಿದ್ದಾನೆ.

ಈ ಅಂಗಳದ ಚರಿತ್ರೆ ಏನು? 1830ರಲ್ಲಿ ಅಮೆರಿಕದ ಸರ್ಕಾರ ಮೂಲನಿವಾಸಿಗಳನ್ನು ಮಿಸ್ಸಿಸಿಪ್ಪಿ ನದಿಯ ಆಚೆಗೆ ಅಟ್ಟುವ ಕಾಯಿದೆ ಮಾಡಿತು. ಚೆರೋಕಿ, ಕ್ರೀಕ್, ಚೋಕ್ಟಾ, ಚಿಕಸಾ, ಸೆಮಿನೋಲ್ ಜನ ತಮ್ಮ ಹೊಲ ಮನೆ ಬಿಟ್ಟು ಪಶ್ಚಿಮಕ್ಕೆ ನಡೆದರು. 1838–39ರಲ್ಲಿ ಸೈನ್ಯ ಹೊರದಬ್ಬಿದ ಚೆರೋಕಿಗಳಲ್ಲಿ ಸುಮಾರು 4,000 ಮಂದಿ ಸತ್ತರೆಂದು ಅಂದಾಜು. ಕಣ್ಣೀರಿನ ದಾರಿ ಎಂದು ಅದಕ್ಕೆ ಹೆಸರು. ಹಾಗೆ ದಬ್ಬಿಸಿಕೊಂಡವರಿಗೆ ಇದು ಎಂದೆಂದಿಗೂ ನಿಮ್ಮದೇ ಎಂದು ಕೊಟ್ಟ ನೆಲವೇ ಇಂಡಿಯನ್ ಟೆರಿಟರಿ.

ಸಿನಿಮಾ ಅದನ್ನು ಕಾನೂನಿಲ್ಲದ ಕಾಡು ಎಂಬಂತೆ ತೋರಿಸುತ್ತದೆ. ಸುಳ್ಳು. ಚೆರೋಕಿಗಳಿಗೆ ಸಂವಿಧಾನವಿತ್ತು, ನ್ಯಾಯಾಲಯಗಳಿದ್ದವು. ಸಿಕ್ವೋಯಾ ಎಂಬ ಚೆರೋಕಿ 1821ರ ಹೊತ್ತಿಗೆ ತನ್ನ ಭಾಷೆಗೆ ಲಿಪಿ ಕಟ್ಟಿದ್ದ. 1828ರಲ್ಲೇ ಆ ಲಿಪಿಯಲ್ಲಿ ಪತ್ರಿಕೆ ಹೊರಟಿತ್ತು. 1851ರಲ್ಲಿ ಅವರು ಹೆಣ್ಣುಮಕ್ಕಳಿಗೆಂದೇ ವಿದ್ಯಾಲಯ ತೆರೆದಿದ್ದರು. ಹಳ್ಳಿ ಶಾಲೆಯಲ್ಲಿ ಪಾಠ ಹೇಳುವ ಗೆಳೆಯರು ಈ ಇಸವಿಗಳನ್ನು ಬರೆದಿಟ್ಟುಕೊಳ್ಳಬೇಕು. ಯೂಲಾ ಗುಡ್‌ನೈಟ್ ಬಂದು ಅಕ್ಷರ ಕಲಿಸುವ ತನಕ ಈ ಜನ ಕತ್ತಲಲ್ಲಿ ಕೂತಿರಲಿಲ್ಲ.

ಹಾಗಾದರೆ ಅಲ್ಲಿ ಅಷ್ಟೊಂದು ದರೋಡೆಕೋರರು ಹೇಗೆ ಸೇರಿದರು? ಇದರ ಕೀಲಿ ಕಾನೂನಿನಲ್ಲೇ ಇದೆ. ಮೂಲನಿವಾಸಿಗಳ ನ್ಯಾಯಾಲಯ ಹೊರಗಿನ ಬಿಳಿಯನನ್ನು ವಿಚಾರಣೆ ಮಾಡುವಂತಿರಲಿಲ್ಲ. ಕೊಲೆ ಮಾಡಿದ ಬಿಳಿಯ ಗಡಿ ದಾಟಿ ಬಂದರೆ ಅವನನ್ನು ಮುಟ್ಟುವ ಹಕ್ಕು ಅಲ್ಲಿಯವರಿಗಿಲ್ಲ. ಗಡಿಯಾಚೆ ಆರ್ಕನ್ಸಾದ ಫೋರ್ಟ್ ಸ್ಮಿತ್‌ನಲ್ಲಿದ್ದ ಕೇಂದ್ರ ಸರ್ಕಾರದ ಕೋರ್ಟಿಗೆ ಮಾತ್ರ ಆ ಅಧಿಕಾರ. 1875ರಲ್ಲಿ ಅಲ್ಲಿಗೆ ಬಂದವನೇ ಜಡ್ಜ್ ಐಸಾಕ್ ಪಾರ್ಕರ್. ಈತ ಕತೆಗಾರ ಕಟ್ಟಿದ ಪಾತ್ರವಲ್ಲ, ನಿಜವಾಗಿ ಇದ್ದವನು. 160 ಜನರಿಗೆ ಮರಣದಂಡನೆ ಕೊಟ್ಟ, 79 ಜನ ನೇಣಿಗೇರಿದರು. ಮನೆಯವರ ಕೈ ಕಟ್ಟಿಹಾಕಿ, ಆಮೇಲೆ ಈ ಮನೆಗೆ ಕಾವಲಿಲ್ಲ ಅಂದರೆ ಹೇಗೆ? ಅರಾಜಕತೆಯನ್ನು ಕಾನೂನೇ ಹುಟ್ಟಿಸಿತು. ಅದನ್ನು ಅಡಗಿಸಿದ ಕೀರ್ತಿಯನ್ನು ಒಕ್ಕಣ್ಣಿನ ಬಿಳಿ ಮಾರ್ಷಲ್ ಹೊತ್ತುಕೊಂಡ.

ಈ ರೂಸ್ಟರ್ ಚಾರ್ಲ್ಸ್ ಪೋರ್ಟಿಸ್ 1968ರಲ್ಲಿ ಬರೆದ ಕಾದಂಬರಿಯ ಪಾತ್ರ. ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಯಲೆಂದು ಕಾದಿದ ಕ್ವಾಂಟ್ರಿಲ್‌ನ ಗುಂಪಿನಲ್ಲಿದ್ದವನು ಎಂದು ಕತೆಯೇ ಹೇಳುತ್ತದೆ. ಆದರೆ ಅದೇ ಪಾರ್ಕರ್‌ನ ಕೈಕೆಳಗೆ ನಿಜವಾದ ಮಾರ್ಷಲ್ಲೊಬ್ಬನಿದ್ದ. ಅವನ ಹೆಸರು ಬಾಸ್ ರೀವ್ಸ್. ಕಪ್ಪು ಮನುಷ್ಯ. 1838ರಲ್ಲಿ ಆರ್ಕನ್ಸಾದಲ್ಲಿ ಗುಲಾಮನಾಗಿ ಹುಟ್ಟಿದ. ಅಂತರ್ಯುದ್ಧದ ಕಾಲದಲ್ಲಿ ತಪ್ಪಿಸಿಕೊಂಡು ಇಂಡಿಯನ್ ಟೆರಿಟರಿಗೆ ಓಡಿದ, ಅಲ್ಲಿಯವರ ಭಾಷೆ ಕಲಿತ. 1875ರಲ್ಲಿ ಡೆಪ್ಯುಟಿ ಮಾರ್ಷಲ್ ಆದ. ಮೂವತ್ತೆರಡು ವರ್ಷ ಆ ಕೆಲಸ ಮಾಡಿದ. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ವಾರಂಟುಗಳನ್ನು ಬೇರೆಯವರಿಂದ ಓದಿಸಿಕೊಂಡು, ಯಾವ ಹಾಳೆ ಯಾರದ್ದು ಅಂತ ನೆನಪಿನಲ್ಲಿಟ್ಟುಕೊಂಡು ಹೊರಡುತ್ತಿದ್ದ. ಹೆಬ್ಬೆಟ್ಟು ಒತ್ತಿದವರ ಮಕ್ಕಳಾದ ನಮಗೆ ಈ ನೆನಪಿನ ಬೆಲೆ ಗೊತ್ತು. 1875ಕ್ಕೆ ಸರಿಯಾಗಿ ನೂರು ವರ್ಷ ಆದಮೇಲೆ ಈ ಚಿತ್ರ ಬಂತು. ಪಾರ್ಕರ್ ಇದ್ದ, ರೀವ್ಸ್ ಇರಲಿಲ್ಲ.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಆ ಐದೂ ಮೂಲನಿವಾಸಿ ರಾಷ್ಟ್ರಗಳಲ್ಲಿ ಕಪ್ಪು ಗುಲಾಮರಿದ್ದರು. ಅವರನ್ನು ಬಿಡಿಸಿದ್ದು 1866ರ ಒಪ್ಪಂದಗಳು. ಅವರ ವಂಶದವರಿಗೆ ಪೂರ್ಣ ನಾಗರಿಕ ಹಕ್ಕು ಕೊಡುವುದಕ್ಕಾಗಿ ಚೆರೋಕಿಗಳ ಸುಪ್ರೀಂ ಕೋರ್ಟು ರಕ್ತಸಂಬಂಧದ ಷರತ್ತನ್ನು ಸಂವಿಧಾನದಿಂದ ತೆಗೆದುಹಾಕಿದ್ದು 2021ರಲ್ಲಿ. ತುಳಿಸಿಕೊಂಡವರೂ ಇನ್ನೊಬ್ಬರನ್ನು ತುಳಿಯಬಲ್ಲರು. ಇದನ್ನು ಹೇಳದೆ ಬಿಟ್ಟರೆ ನಮ್ಮ ಚರಿತ್ರೆಯೂ ಇನ್ನೊಂದು ಕೌಬಾಯ್ ಪಿಚ್ಚರ್ ಆದೀತು.

ಈಗ 1907ಕ್ಕೆ ಬರೋಣ. 1898ರ ಕಾಯಿದೆ ಮೂಲನಿವಾಸಿಗಳ ನ್ಯಾಯಾಲಯಗಳನ್ನೇ ರದ್ದು ಮಾಡಿತ್ತು. ಸಾಮೂಹಿಕ ನೆಲವನ್ನು ತುಂಡು ತುಂಡು ಮಾಡಿ ಹಂಚಲಾಯಿತು. 1905ರಲ್ಲಿ ಅವರು ಮಸ್ಕೋಗಿ ಪಟ್ಟಣದಲ್ಲಿ ಸೇರಿ, ಲಿಪಿ ಕಟ್ಟಿದ ಸಿಕ್ವೋಯಾನ ಹೆಸರಿನಲ್ಲಿ ತಮ್ಮದೇ ರಾಜ್ಯ ಬೇಕೆಂದು ಸಂವಿಧಾನ ಬರೆದರು. ವಾಷಿಂಗ್ಟನ್ ತಿರುಗಿಯೂ ನೋಡಲಿಲ್ಲ. 1907ರ ನವೆಂಬರ್ 16ರಂದು ಇಂಡಿಯನ್ ಟೆರಿಟರಿಯನ್ನು ಒಕ್ಲಹೋಮ ರಾಜ್ಯದೊಳಗೆ ಕರಗಿಸಲಾಯಿತು. ವೇಯ್ನ್ ಮತ್ತು ಹೆಪ್‌ಬರ್ನ್ ಆಗ ಆರು ತಿಂಗಳ ಕೂಸುಗಳು. ಹೊಸ ಶಾಸನಸಭೆಯ ಮೊಟ್ಟಮೊದಲ ಕಾಯಿದೆ ಯಾವುದು ಗೊತ್ತೆ? ರೈಲಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವ ಕಾಯಿದೆ. ಬಾಸ್ ರೀವ್ಸ್‌ನ ಮಾರ್ಷಲ್ ಕೆಲಸ ಮುಗಿದದ್ದೂ ಅದೇ ವರ್ಷ. ಸಿನಿಮಾದ ಮಾರ್ಷಲ್ ಅತಿಯಾಗಿ ಕೊಂದು ಬಿಲ್ಲೆ ಕಳೆದುಕೊಂಡು, ಮತ್ತೆ ಪಡೆಯುತ್ತಾನೆ. ರೀವ್ಸ್‌ಗೆ ಅದು ಮತ್ತೆ ಸಿಗಲಿಲ್ಲ. ಮಸ್ಕೋಗಿಯಲ್ಲಿ ಸಾದಾ ಪೊಲೀಸನಾಗಿ ದುಡಿದು 1910ರಲ್ಲಿ ತೀರಿಕೊಂಡ.

ಚಿತ್ರಕ್ಕೆ ಆ ನೆಲವೂ ಬೇಕಾಗಲಿಲ್ಲ. ದೂರದ ಆರೆಗಾನ್ ರಾಜ್ಯದಲ್ಲಿ ಚಿತ್ರೀಕರಣವಾಯಿತು. ಜನರನ್ನು ಅಳಿಸಿದ ಮೇಲೆ ಯಾವ ಬೆಟ್ಟವಾದರೇನು, ಯಾವ ನದಿಯಾದರೇನು?

ಇದೆಲ್ಲ ಯಾರಿಗೂ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಚಿತ್ರ ಬರುವ ಎರಡು ವರ್ಷ ಮೊದಲು, 1973ರಲ್ಲಿ, ಮೂಲನಿವಾಸಿ ಯುವಕರು ದಕ್ಷಿಣ ಡಕೋಟದ ವೂಂಡೆಡ್ ನೀ ಹಳ್ಳಿಯನ್ನು ಹಿಡಿದು 71 ದಿನ ಸರ್ಕಾರಕ್ಕೆ ಎದುರು ನಿಂತಿದ್ದರು. ಸಿನಿಮಾ ಮೂಲನಿವಾಸಿಗಳನ್ನು ತೋರಿಸುವ ರೀತಿ ವಿರೋಧಿಸಿ ಅದೇ ವರ್ಷ ಮರ್ಲಾನ್ ಬ್ರಾಂಡೋ ಆಸ್ಕರ್ ನಿರಾಕರಿಸಿದ್ದ. ಈ ಸದ್ದಿನ ನಡುವೆ, ಹಳೆಯ ಕಾಲ ಎಷ್ಟು ಚೆಂದವಿತ್ತು ಎಂದು ಹೇಳಲು ಹಾಲಿವುಡ್ಡಿಗೆ ಇಬ್ಬರು ಹಿರಿಯರು ಬೇಕಾಗಿದ್ದರು. ಅವರ ಸುಕ್ಕುಗಳ ಮೇಲಿನ ಪ್ರೀತಿಯಲ್ಲಿ ನೋಡುವವರು ನೆಲದ ಲೆಕ್ಕ ಕೇಳುವುದನ್ನು ಮರೆತರು.

ವೇಯ್ನ್ 1979ರಲ್ಲಿ ಸತ್ತ, ಹೆಪ್‌ಬರ್ನ್ 2003ರಲ್ಲಿ. 2012ರಲ್ಲಿ ಫೋರ್ಟ್ ಸ್ಮಿತ್‌ನಲ್ಲಿ ಬಾಸ್ ರೀವ್ಸ್‌ನ ಪ್ರತಿಮೆ ಎದ್ದಿತು. 2020ರ ಜುಲೈನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕ್ರೀಕ್ ಜನಕ್ಕೆ ಒಪ್ಪಂದದಲ್ಲಿ ಕೊಟ್ಟ ನೆಲದ ಮೀಸಲು ಹಕ್ಕನ್ನು ಸಂಸತ್ತು ಎಂದೂ ರದ್ದು ಮಾಡಿಯೇ ಇರಲಿಲ್ಲ ಎಂದು ತೀರ್ಪು ಕೊಟ್ಟಿತು. ಐವರು ನ್ಯಾಯಮೂರ್ತಿಗಳು ಆ ಕಡೆ, ನಾಲ್ವರು ಈ ಕಡೆ. 2022ರಲ್ಲಿ ಅದೇ ಕೋರ್ಟು ಇನ್ನೊಂದು ತೀರ್ಪಿನಲ್ಲಿ ರಾಜ್ಯಕ್ಕೂ ಅಲ್ಲಿ ಒಂದಿಷ್ಟು ಅಧಿಕಾರವಿದೆ ಎಂದಿತು. ಜಗಳ ಮುಗಿದಿಲ್ಲ.

ಆ ಪಿಚ್ಚರನ್ನು ನಾವು ನೋಡಬಾರದು ಅನ್ನುತ್ತಿಲ್ಲ. ನೋಡೋಣ, ಆ ಮುದುಕ ಮುದುಕಿಯ ಗಟ್ಟಿತನಕ್ಕೆ ತಲೆದೂಗೋಣ. ಆದರೆ ಅವರ ಹಿಂದೆ ಮಾತಿಲ್ಲದೆ ಕುದುರೆಯ ಮೇಲೆ ಬರುವ ಆ ಹುಡುಗ ವುಲ್ಫ್ ಇದ್ದಾನಲ್ಲ, ಅವನ ಮುಖವನ್ನೂ ನೋಡೋಣ. ಆ ದಾರಿ ಅವನ ಜನರದ್ದು.