ವೆಸ್ಟ್‌ಮಿನ್‌ಸ್ಟರ್ ಅರಮನೆಯೂ ಅದರ ಗಡಿಯಾರದ ಗೋಪುರವೂ

ಲಂಡನ್ ನಗರದಲ್ಲಿ ಥೇಮ್ಸ್ ನದಿಯ ದಡದ ಮೇಲಿರುವ ವೆಸ್ಟ್‌ಮಿನ್‌ಸ್ಟರ್ ಭವನವು ಹೆಸರಿಗೆ ಮಾತ್ರ ಅರಮನೆ. ಅರಸರು ಅಲ್ಲಿ ವಾಸಿಸುವುದನ್ನು ಬಿಟ್ಟು ನಾಲ್ಕು ಶತಮಾನಗಳಿಗೂ ಹೆಚ್ಚಾಯಿತು. ಈಗ ಅಲ್ಲಿ ಕೂಡುವುದು ಬ್ರಿಟನ್ನಿನ ಪಾರ್ಲಿಮೆಂಟು. ಮೊನಚಾದ ಶಿಖರಗಳನ್ನು ಕಂಡ ಪ್ರವಾಸಿಗಳು ಭವನವೆಲ್ಲವೂ ಅತಿ ಪ್ರಾಚೀನವೆಂದು ಭಾವಿಸುವುದುಂಟು. ವಸ್ತುತಃ ಅದರ ಬಹುಭಾಗವು 19ನೆಯ ಶತಮಾನದ ನಿರ್ಮಾಣ.

ಹಳೆಯ ಭವನವು ನಾಶವಾದುದಕ್ಕೆ ಕಾರಣವು ಅಲ್ಪವಾದುದು. ಪೂರ್ವಕಾಲದಲ್ಲಿ ರಾಜ್ಯದ ಬೊಕ್ಕಸದ ಲೆಕ್ಕವನ್ನು ಮರದ ಕಡ್ಡಿಗಳಲ್ಲಿ ಗೀರು ಕೊಯ್ದು ಇಡುತ್ತಿದ್ದರು. ಕಡ್ಡಿಯನ್ನು ಉದ್ದಕ್ಕೆ ಸೀಳಿ, ಉಭಯ ಪಕ್ಷಗಳವರೂ ಒಂದೊಂದು ಹೋಳನ್ನು ಇಟ್ಟುಕೊಳ್ಳುವರು. 1826ರಲ್ಲಿ ಈ ಪದ್ಧತಿಯು ನಿಂತುಹೋಯಿತು. ಉಳಿದ ಕಡ್ಡಿಗಳನ್ನು 1834ನೆಯ ಅಕ್ಟೋಬರ್ 16ರಂದು ಪ್ರಭುಸಭೆಯ ಕೆಳಗಿನ ಒಲೆಗಳಲ್ಲಿ ಸುಡಿಸಲಾಯಿತು. ಆ ಅಪರಾಹ್ಣ ಸಭೆಯನ್ನು ನೋಡಬಂದವರಿಗೆ ನೆಲದ ಕಾವು ಪಾದರಕ್ಷೆಗಳ ಮೂಲಕವೇ ತಟ್ಟಿತು. ಆದರೂ ಒಲೆಯನ್ನು ಆರಿಸುವವರಿಲ್ಲದೆ ಹೋಯಿತು. ಸಂಜೆಯ ವೇಳೆಗೆ ಜ್ವಾಲೆಯು ಮೇಲೆದ್ದು ಉಭಯ ಸಭೆಗಳನ್ನೂ ಆಹುತಿ ತೆಗೆದುಕೊಂಡಿತು.

ಉಳಿದುದರಲ್ಲಿ ಮುಖ್ಯವಾದುದು 1097ರ ಸುಮಾರಿಗೆ ಎರಡನೆಯ ವಿಲಿಯಂ ದೊರೆಯು ಕಟ್ಟಿಸಿದ ಮಹಾಶಾಲೆ. 1649ರಲ್ಲಿ ಒಂದನೆಯ ಚಾರ್ಲ್ಸ್ ದೊರೆಯು ಅಪರಾಧಿಯಾಗಿ ನಿಂತುದು ಇಲ್ಲಿಯೇ. ವಾರನ್ ಹೇಸ್ಟಿಂಗ್ಸನು ಭಾರತದಲ್ಲಿ ನಡೆಸಿದ ಆಡಳಿತದ ವಿಚಾರಣೆಯೂ 1788ರಲ್ಲಿ ಇಲ್ಲಿಯೇ ಆರಂಭವಾಗಿ, 1795ರಲ್ಲಿ ಅವನ ಬಿಡುಗಡೆಯಲ್ಲಿ ಮುಗಿಯಿತು. ಎಡ್ಮಂಡ್ ಬರ್ಕನು ಭಾರತದ ಪ್ರಜೆಗಳ ಪರವಾಗಿ ವಾದಿಸಿದನು. ಆದರೆ ಆ ಪ್ರಜೆಗಳಿಗೆ ಪಾರ್ಲಿಮೆಂಟಿನಲ್ಲಿ ತಮ್ಮದೆಂಬ ಒಂದು ಮತವೂ ಇರಲಿಲ್ಲ.

ಹೊಸ ಭವನವನ್ನು ರಚಿಸಿದವನು ಚಾರ್ಲ್ಸ್ ಬ್ಯಾರಿ. ಗೋಪುರದ ರೂಪವನ್ನು ಕಲ್ಪಿಸಿದವನು ಅವನ ಸಹಾಯಕನಾದ ಪ್ಯೂಜಿನ್. ಅದು ಪೂರ್ಣವಾಗುವುದಕ್ಕೆ ಮೊದಲೇ, 1852ರಲ್ಲಿ, ಅವನು ತೀರಿಕೊಂಡನು. ಗೋಪುರದ ಎತ್ತರ 96 ಮೀಟರು; ಘಂಟೆಯವರೆಗೆ 334 ಮೆಟ್ಟಿಲುಗಳು. ಜನರು ಗೋಪುರಕ್ಕೇ ಬಿಗ್ ಬೆನ್ ಎನ್ನುವರಾದರೂ ಅದು ಮಹಾಘಂಟೆಯ ಹೆಸರು. ಗೋಪುರಕ್ಕೆ 2012ರಲ್ಲಿ ಎಲಿಜಬೆತ್ ರಾಣಿಯ ಹೆಸರನ್ನಿಡಲಾಯಿತು.

ಮೊದಲನೆಯ ಘಂಟೆಯು ಪರೀಕ್ಷೆಯ ಕಾಲದಲ್ಲಿಯೇ ಒಡೆಯಿತು. 1858ರಲ್ಲಿ ಎರಕಹೊಯ್ದ ಎರಡನೆಯದು 13.7 ಟನ್ ತೂಕದ್ದು. ಇದು 1859ನೆಯ ಜುಲೈಯಲ್ಲಿ ಮೊಳಗತೊಡಗಿ, ಸೆಪ್ಟೆಂಬರಿನಲ್ಲಿ ಬಿರುಕುಬಿಟ್ಟಿತು. ಸುಮಾರು ನಾಲ್ಕು ವರ್ಷ ಅದು ಮೂಕವಾಗಿದ್ದಿತು. ಬಳಿಕ ರಾಜಖಗೋಳಜ್ಞನಾದ ಜಾರ್ಜ್ ಏರಿಯ ಸಲಹೆಯಂತೆ ಘಂಟೆಯನ್ನು ಸ್ವಲ್ಪ ತಿರುಗಿಸಿ, ಬಿರುಕಿಲ್ಲದ ಭಾಗಕ್ಕೆ ಹಗುರವಾದ ಸುತ್ತಿಗೆಯ ಪೆಟ್ಟು ಬೀಳುವಂತೆ ಮಾಡಿದರು. ಇಂದಿಗೂ ಕೇಳಿಬರುವುದು ಆ ಬಿರುಕಿನ ಘಂಟೆಯ ನಾದವೇ.

ಗಡಿಯಾರದ ವ್ಯವಸ್ಥೆಯೂ ಇಂತಹುದೇ. ಗಂಟೆಯ ಮೊದಲ ಪೆಟ್ಟು ಒಂದು ಸೆಕೆಂಡಿಗಿಂತ ಹೆಚ್ಚು ತಪ್ಪಬಾರದೆಂದು ಏರಿಯು ವಿಧಿಸಿದ್ದನು. ಅಸಾಧ್ಯವೆಂದು ಹಲವರು ಹೇಳಿದುದನ್ನು, ನ್ಯಾಯವಾದಿಯಾಗಿದ್ದ ಡೆನಿಸನ್ ಎಂಬಾತನು ತನ್ನ ಯಂತ್ರಕಲ್ಪನೆಯಿಂದ ಸಾಧಿಸಿದನು. ಆದರೂ ಯಂತ್ರವನ್ನು ಅದರ ಪಾಡಿಗೆ ಬಿಡುವಂತಿಲ್ಲ. ಲೋಲಕದ ಮೇಲೆ ಹಳೆಯ ಪೆನ್ನಿ ನಾಣ್ಯಗಳನ್ನು ಇಡುವರು. ಒಂದು ನಾಣ್ಯವನ್ನು ಸೇರಿಸಿದರೆ ಭಾರಕೇಂದ್ರವು ತುಸು ಮೇಲೇರಿ, ಗಡಿಯಾರವು ದಿನಕ್ಕೆ 2/5 ಸೆಕೆಂಡು ಮುಂದೆ ಹೋಗುವುದು. ತೆಗೆದರೆ ಅಷ್ಟೇ ಹಿಂದೆ ಬೀಳುವುದು.

1941ನೆಯ ಮೇ ತಿಂಗಳ ಬಾಂಬಿನ ದಾಳಿಯಲ್ಲಿ ಸಾಮಾನ್ಯರ ಸಭೆಯು ಸುಟ್ಟುಹೋಗಿ, 1950ರಲ್ಲಿ ಹೊಸದಾಗಿ ತೆರೆಯಿತು. ಈ ಮಧ್ಯೆ 1947ನೆಯ ಜುಲೈಯಲ್ಲಿ ಭಾರತ ಸ್ವಾತಂತ್ರ್ಯದ ಶಾಸನವನ್ನು ಅಂಗೀಕರಿಸಿದುದೂ ಇದೇ ಪಾರ್ಲಿಮೆಂಟು. ಬರ್ಕನ ವಾದಕ್ಕೂ ಆ ಶಾಸನಕ್ಕೂ ನಡುವೆ ಒಂದೂವರೆ ಶತಮಾನ ಕಳೆದಿದ್ದಿತು. ಆ ವಿಳಂಬದಲ್ಲಿ ನಮ್ಮ ದೇಶವು ತೆತ್ತ ಬೆಲೆಯನ್ನು ಯಾವ ಶಾಸನವೂ ಅಳಿಸಲಾರದು. ಪ್ರಜಾಸಭೆಗಳಿಗೂ ಬಿರುಕುಗಳುಂಟು. ಅವನ್ನು ಮರೆಮಾಚದೆ ದಿನದಿನವೂ ತಪ್ಪನ್ನು ಅಳೆದು ತಿದ್ದುವವರಿರುವವರೆಗೆ ಮಾತ್ರ ಅವುಗಳ ನಾದವನ್ನು ನಂಬಬಹುದು. ಇದು ನಮ್ಮ ಸಭೆಗಳಿಗೂ ಸಲ್ಲುವ ಮಾತು.